ವಿಲಾಯತಿಗೆ ಹೋದ ಖಾನಾಪುರದ ಬಟಾಣಿ

ಬೆಳಗಾವಿ

ವಿಲಾಯತಿಗೆ ಹೋಗಿ ಬಂದವರು ಅಲ್ಲಿಯ ಸೇತುವೆ, ಅರಮನೆ, ಮಂಜು ಇವುಗಳ ಬಗ್ಗೆ ಬರೆಯುತ್ತಾರೆ. ನಾನು ಅರಮನೆ ನೋಡಲಿಲ್ಲ. ಲಂಡನ್ನಿನಲ್ಲಿ ಇದ್ದದ್ದು ಒಂದೇ ಹಗಲು; ಅದೂ ಮಳೆಯಲ್ಲಿ ಹೋಯಿತು. ಉಳಿದ ದಿನಗಳನ್ನೆಲ್ಲ ಎಸೆಕ್ಸ್ ಸೀಮೆಯ ಒಂದು ಸಣ್ಣ ಊರಿನಲ್ಲಿ, ಕಾಯಿಪಲ್ಲೆ ಬೀಜದ ಕಂಪನಿಯೊಂದರ ಹೊಲಗಳಲ್ಲಿ ಮತ್ತು ಪರೀಕ್ಷಾಲಯದಲ್ಲಿ ಕಳೆದೆ. ಪ್ರವಾಸಿಗಳಿಗೆ ಕಂಡದ್ದೆಲ್ಲ ಮೆಚ್ಚುಗೆಯಾಗುವುದು ವಾಡಿಕೆ. ನನಗೆ ಹೆಚ್ಚಿನ ಹೊತ್ತು ಹೊಟ್ಟೆಕಿಚ್ಚಾಯಿತು. ಅದನ್ನು ಬಿಟ್ಟು ಬರೆದರೆ ವರದಿ ಅರ್ಧವಾಗುತ್ತದೆ. ಆದ್ದರಿಂದ ಬಿಡದೆ ಬರೆಯುತ್ತೇನೆ.

ಹೋಗುವ ಕಾರಣ ಬಟಾಣಿ. ನನ್ನ ಅಣ್ಣ ಬೆಳಗಾವಿಯ ಕ್ಯಾಂಪಿನ ಸೋಲ್ಜರರ ಅಡಿಗೆಮನೆಗಳಿಗೆ ಎಲೆಕೋಸು, ಹೂಕೋಸು, ಬಟಾಣಿ ಒದಗಿಸುತ್ತಾನೆ. ಬೀಜ ಪ್ರತಿವರ್ಷ ಆ ಕಂಪನಿಯಿಂದ ಬರುತ್ತಿತ್ತು. ಅಲ್ಲಿ ಹಿಮ ಬಿದ್ದು ನೆಲವೆಲ್ಲ ಸುಮ್ಮನಿರುವ ತಿಂಗಳುಗಳಲ್ಲಿ ನಮ್ಮಲ್ಲಿ ಬಟಾಣಿ ಹುಲುಸಾಗಿ ಬೆಳೆಯುತ್ತದೆ. ನಿಮ್ಮ ಬೀಜವನ್ನೇ ಕಳಿಸಿ, ಚಳಿಗಾಲದಲ್ಲಿ ಬೆಳೆದು ಬೀಜ ಮಾಡಿ ತಿರುಗಿ ಕಳಿಸುತ್ತೇವೆ, ನಿಮಗೆ ಒಂದು ಹಂಗಾಮು ಉಳಿಯುತ್ತದೆ ಎಂದು ಅಣ್ಣ ಅವರಿಗೆ ಬರೆದ. ಅವರು ಒಂದು ಚೀಲ ಕಳಿಸಿದರು. ಅಣ್ಣ ಅದನ್ನು ಖಾನಾಪುರದಲ್ಲಿ ತನ್ನ ಮಾವನ ಹೊಲದಲ್ಲಿ ಬಿತ್ತಿದ. ಬೆಳೆ ಚೆನ್ನಾಗಿ ಬಂತು. ಬೀಜವನ್ನು ತೆಗೆದುಕೊಂಡು ಬನ್ನಿ, ಪರೀಕ್ಷೆಯಲ್ಲಿ ನಿಂತರೆ ಮುಂದೆ ವ್ಯವಹಾರ ಎಂದು ಕಂಪನಿಯಿಂದ ಉತ್ತರ ಬಂತು.

ಈ ವ್ಯವಹಾರಕ್ಕೂ ನನಗೂ ಇದ್ದ ಸಂಬಂಧ ಇಷ್ಟು. ನಾನು ಪುಣೆಯಲ್ಲಿ ಸಸ್ಯಶಾಸ್ತ್ರ ಓದಿ ಪದವಿ ಪಡೆದು ಮನೆಗೆ ಬಂದಿದ್ದೆ. ಟಿಳಕವಾಡಿಯ ನಮ್ಮ ಮನೆಯಲ್ಲಿ ಆ ಪದವಿಯಿಂದ ಯಾರಿಗೂ ಉಪಯೋಗವಿರಲಿಲ್ಲ. ಹೆಣ್ಣುಮಕ್ಕಳ ಶಾಲೆಯವರು ಹೊಲಿಗೆ ಕಲಿಸಲು ಕರೆದರು. ಅವ್ವ ಹುಬ್ಬಳ್ಳಿಯ ವಕೀಲರ ಮನೆಯ ಸಂಬಂಧವನ್ನು ಊಟಕ್ಕೊಮ್ಮೆ ನೆನಪಿಸುತ್ತಿದ್ದಳು. ನಾನು ಅಣ್ಣನಿಗೆ ಹೇಳಿದ್ದೆ: ಬೀಜ ಹಡಗಿಗೆ ಹಾಕುವ ಮೊದಲು ನಮ್ಮಲ್ಲೇ ಪರೀಕ್ಷೆಯಾಗಬೇಕು, ಅದಕ್ಕೊಂದು ಕೋಣೆ ಬೇಕು, ಅದು ನನ್ನದಾಗಬೇಕು. ಅಣ್ಣ ಒಂದು ಸಂಜೆ ಜಗಲಿಯ ಮೇಲೆ ಕುಳಿತು ತೀರ್ಪು ಕೊಟ್ಟ.

“ಆರ್ಡರ ಬಂತಂದ್ರ ಖಾನಾಪುರದ ಹೊಲದಾಗ ನಿನಗೊಂದು ಖೋಲಿ ಕಟ್ಟಸ್ತೀನಿ, ಶಾಂತಾ. ಬರಲಿಲ್ಲಂದ್ರ ಅವ್ವ ಹೇಳಿದ್ದ ಕೇಳಬೇಕು. ಆಗ ಮತ್ತ ನನ್ನ ಜೋಡಿ ವಾದ ಹಾಕಬ್ಯಾಡ.”

ನಾನು ಒಪ್ಪಿದೆ. ಹೀಗೆ ಒಂದು ಚೀಲ ಬಟಾಣಿಯ ಮೇಲೆ ನನ್ನ ಮುಂದಿನ ಬಾಳು ಕುಳಿತಿತ್ತು.

ಹೊರಡುವ ಮೊದಲು ವೈನಿ, ಅಂದರೆ ಅಣ್ಣನ ಹೆಂಡತಿ, ಮತ್ತು ನಾನು ಖಾನಾಪುರಕ್ಕೆ ಹೋಗಿ ಬೀಜವನ್ನು ಪ್ರಯಾಣಕ್ಕೆ ಸಿದ್ಧ ಮಾಡಿದೆವು. ಅಲ್ಲಿಯ ಕೆಂಪು ಮಣ್ಣನ್ನು ಜರಡಿ ಹಿಡಿದು, ಒಲೆಯ ಬೂದಿ ಬೆರೆಸಿ, ಒದ್ದೆ ಕೈಯಲ್ಲಿ ಬೀಜಕ್ಕೆಲ್ಲ ತಿಕ್ಕಿ ಒಣಗಿಸಿದೆವು. ನುಸಿ ಹತ್ತಬಾರದೆಂದು ನಮ್ಮಲ್ಲಿ ಎಲ್ಲರೂ ಮಾಡುವುದು ಇದನ್ನೇ. ಹಡಗಿನ ಹೊಟ್ಟೆಯಲ್ಲಿ ಅಷ್ಟು ದಿನ ಇರುವ ಬೀಜಕ್ಕೆ ವೈನಿ ಎರಡು ಸಲ ತಿಕ್ಕಿಸಿದರು. ನಾನು ಬೇಡವೆನ್ನಲಿಲ್ಲ. ನುಸಿ ತಿಂದ ಕಾಳಿನಲ್ಲಿ ಮೊಳಕೆಯ ಭಾಗವೇ ಹೋಗಿರುತ್ತದೆ ಎಂದು ನಾನು ಸೂಕ್ಷ್ಮದರ್ಶಕದ ಕೆಳಗೆ ನೋಡಿದ್ದೆ.

ಕಂಪನಿಯ ಊರು

ಅಣ್ಣ, ವೈನಿ, ನಾನು, ಮೂವರಿಗೂ ವಸತಿ ಸಿಕ್ಕದ್ದು ವಿಧವೆಯೊಬ್ಬಳ ಮನೆಯಲ್ಲಿ. ಆಕೆ ಸಭ್ಯಳು. ಮೊದಲ ದಿನ ವೈನಿ ಒಗ್ಗರಣೆಗೆ ಮೆಣಸಿನಕಾಯಿ ಮುರಿದು ಹಾಕಿದಾಗ ಆಕೆ ಕೆಮ್ಮುತ್ತ ಕಿಟಕಿಗಳನ್ನೆಲ್ಲ ತೆರೆದು, ಪಕ್ಕದ ಮನೆಯವನನ್ನು ಕರೆದು ಹೊಗೆಗೂಡನ್ನು ಪರೀಕ್ಷೆ ಮಾಡಿಸಿದಳು. ಹೊಗೆಗೂಡಿನಲ್ಲಿ ದೋಷವಿರಲಿಲ್ಲ. ಮರುದಿನದಿಂದ ನಮ್ಮ ಅಡಿಗೆಯ ಹೊತ್ತಿಗೆ ಆಕೆ ನಾಯಿಯನ್ನು ಕರೆದುಕೊಂಡು ತಿರುಗಾಡಲು ಹೋಗುತ್ತಿದ್ದಳು. ಈ ಬಗ್ಗೆ ಎರಡೂ ಕಡೆಯವರು ಒಂದು ಮಾತೂ ಆಡಲಿಲ್ಲ. ಆ ಊರಿನಲ್ಲಿ ಎಲ್ಲ ತೊಡಕುಗಳನ್ನೂ ಹೀಗೆಯೇ ಬಿಡಿಸುತ್ತಾರೆಂದು ತೋರಿತು. ಆ ಪದ್ಧತಿ ನನ್ನ ಸ್ವಭಾವಕ್ಕೆ ಹಿಡಿಸಿತು.

ಹೊಲಗಳನ್ನು ನೋಡಲು ಹೋದಾಗ ಹೊಟ್ಟೆಕಿಚ್ಚಿನ ಆರಂಭ. ಮೊದಲನೆಯದು ಮಳೆಯ ವಿಷಯಕ್ಕೆ. ನಮ್ಮ ಖಾನಾಪುರದಲ್ಲಿ ಮಳೆ ಬಂದರೆ ಬದು ಒಡೆದುಕೊಂಡೇ ಹೋಗುತ್ತದೆ. ಮೇಲಿನ ಹೊಲದ ಮಣ್ಣು ಕೆಳಗಿನವನ ಪಾಲಾಗಿ, ಅದರ ಮೇಲೆ ಎರಡು ತಲೆಮಾರು ಜಗಳ ನಡೆಯುತ್ತದೆ. ಅಲ್ಲಿಯ ಮಳೆ ಕೈಯಲ್ಲಿ ಚಿಮುಕಿಸಿದಂತೆ ಬಿದ್ದು, ಸಾಕೆನಿಸಿದಾಗ ನಿಲ್ಲುತ್ತದೆ. ಜನ ಅದನ್ನು ದಿನವಿಡೀ ಬೈಯುತ್ತಾರೆ. ಇಂಥ ಮಳೆಯನ್ನು ಬೈಯುವವರನ್ನು ನೋಡಿ ನನಗೆ ಸಿಟ್ಟು ಬಂತು.

ಎರಡನೆಯದು ಸಾಲುಗಳು. ಬಟಾಣಿಯ ಒಂದೊಂದು ಸಾಲಿನ ತಲೆಗೂ ಮರದ ಗೂಟ. ಗೂಟದ ಮೇಲೆ ಅಂಕಿ ಮಾತ್ರ, ಹೆಸರಿಲ್ಲ. ಕಂಪನಿಯ ಸ್ವಂತ ಬೀಜ, ಪರರ ಬೀಜ, ಹಳೆಯದು, ಹೊಸದು ಎಲ್ಲವೂ ಒಂದೇ ಪಂಕ್ತಿಯಲ್ಲಿ. ನೋಡುವವನಿಗೆ ಯಾವುದು ಯಾರದೆಂದು ತಿಳಿಯಬಾರದು, ತಿಳಿದರೆ ಕಣ್ಣು ಒಂದು ಕಡೆಗೆ ವಾಲುತ್ತದೆ ಎಂದು ನಮ್ಮನ್ನು ಕರೆದೊಯ್ದ ಮೇಸ್ತ್ರಿ ವಿವರಿಸಿದ. ಯಾರ ಮಗಳು, ಯಾವ ಊರು, ಮನೆತನ ಯಾವುದು ಎಂದು ಕೇಳಿದ ಮೇಲೆಯೇ ಮುಖ ನೋಡುವ ಊರಿನಿಂದ ಬಂದವಳು ನಾನು. ಆ ಗೂಟಗಳ ಮುಂದೆ ಬಹಳ ಹೊತ್ತು ನಿಂತೆ.

ಸಾಲಿನ ನಡುವೆ ಹೆಂಗಸರು ಗಂಡಸರು ಚೀಲ ಹೆಗಲಿಗೆ ಹಾಕಿಕೊಂಡು ನಡೆಯುತ್ತ, ಜಾತಿಗೆ ಹೊಂದದ ಗಿಡಗಳನ್ನು ಕಿತ್ತು ಚೀಲಕ್ಕೆ ತುಂಬುತ್ತಿದ್ದರು. ಹೂ ಬಿಟ್ಟ, ಆರೋಗ್ಯವಾದ ಗಿಡಗಳು. ವೈನಿಗೆ ಅದನ್ನು ನೋಡಲಾಗಲಿಲ್ಲ.

“ಬಾಣಂತಿಯಂಥಾ ಗಿಡಾ ಕಿತ್ತ ಒಗ್ಯಾಕತ್ತಾರಲ್ಲ. ಏನ ತಪ್ಪ ಮಾಡೇತಿ ಅದು?”

ತಪ್ಪಲ್ಲ, ಆದರೆ ಉಳಿದವುಗಳಿಗಿಂತ ಎಲೆ ಬೇರೆ, ಎತ್ತರ ಬೇರೆ, ಬಿಟ್ಟರೆ ಮುಂದಿನ ವರ್ಷ ಬೀಜವೆಲ್ಲ ಬೆರಕೆಯಾಗುತ್ತದೆ ಎಂದು ನಾನು ಹೇಳಿದೆ. ವೈನಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಹಂಗಾರ ನಮ್ಮ ಮನ್ಯಾಗ ಮೊದಲ ನಿನ್ನ ಕೀಳಬೇಕಾಗತೈತಿ.”

ಅಣ್ಣ ನಕ್ಕ. ನಾನೂ ನಕ್ಕೆ. ಸೀರೆಯ ಅಂಚು ಅಷ್ಟರಲ್ಲಿ ಒದ್ದೆಯಾಗಿ, ಅಲ್ಲಿ ಕೊಂಡ ಬೂಟುಗಳಿಗೆ ಸುತ್ತಿಕೊಂಡಿತ್ತು. ವೈನಿಯವರದು ಮೊಣಕಾಲಿನವರೆಗೆ ಕಚ್ಚೆ ಹಾಕಿದ ಸೀರೆ. ಅವರು ಅಂಚು ಒದ್ದೆಯಾಗದೆ ಮುಂದೆ ನಡೆದರು.

ರುಚಿ ನೋಡುವ ಕೋಣೆ

ಬೆಳೆದರೆ ಸಾಲದು, ತಿನ್ನಲು ಹೇಗಿದೆ ಎಂದೂ ಅವರು ಪರೀಕ್ಷಿಸುತ್ತಾರೆ. ಅದಕ್ಕೊಂದು ಕೋಣೆ, ಒಬ್ಬ ಅಡಿಗೆಯವಳು, ಒಬ್ಬ ಬೊಕ್ಕತಲೆಯ ಸಾಹೇಬ. ಬಟಾಣಿಯನ್ನು ಬರೀ ನೀರಿನಲ್ಲಿ ಬೇಯಿಸಿ, ಉಪ್ಪು ಕೂಡ ಹಾಕದೆ, ಬಿಳಿಯ ಬಟ್ಟಲುಗಳಲ್ಲಿ ಸಾಲಾಗಿ ಇಡುತ್ತಾರೆ. ಹುಟ್ಟಿದಂದಿನಿಂದ ಕಾಯಿಪಲ್ಲೆಯನ್ನೇ ಉಂಡವರು ಎಂದು ಕೇಳಿ ಸಾಹೇಬನಿಗೆ ನಮ್ಮ ಮೇಲೆ ದೊಡ್ಡ ಭರವಸೆ ಹುಟ್ಟಿತು. ಎಲ್ಲ ಬಟ್ಟಲುಗಳ ರುಚಿ ನೋಡಿ ಅಭಿಪ್ರಾಯ ಹೇಳಬೇಕೆಂದು ಕೇಳಿದ.

ನಾನು ಒಂದೊಂದು ಚಮಚ ತೆಗೆದುಕೊಂಡು, ಸಿಹಿ ಎಷ್ಟು, ಸಿಪ್ಪೆ ಎಷ್ಟು ದಪ್ಪ, ಹಿಟ್ಟು ಹಿಟ್ಟಾಗಿದೆಯೋ ಇಲ್ಲವೋ ಎಂದು ಹೇಳುತ್ತ ಬಂದೆ. ಸಾಹೇಬ ತಲೆದೂಗಿ ಬರೆದುಕೊಂಡ. ವೈನಿ ಮೊದಲನೆಯ ಬಟ್ಟಲಿನಿಂದ ಒಂದು ಕಾಳು ಬಾಯಿಗೆ ಹಾಕಿಕೊಂಡು, ಇದು ಕಾಯಿಲೆಯವರ ಊಟ ಎಂದು, ಸೊಂಟದ ಸಂಚಿಯಿಂದ ಶೇಂಗಾ ಚಟ್ನಿಪುಡಿಯ ಪೊಟ್ಟಣ ತೆಗೆದು ಎಲ್ಲ ಬಟ್ಟಲುಗಳ ಮೇಲೂ ಉದುರಿಸಿದರು. ಎಲ್ಲವನ್ನೂ ತಿಂದು ಎಲ್ಲವೂ ಛಲೋ ಐತಿ ಎಂದರು. ಆ ದಿನದ ಪರೀಕ್ಷೆ ಅಲ್ಲಿಗೆ ಕೆಟ್ಟಿತು. ಆಮೇಲೆ ಸಾಹೇಬ ತಾನೂ ಒಂದು ಚಮಚ ತಿಂದ. ಮತ್ತೊಂದು ತಿಂದ. ನಾವು ಊರಿನಲ್ಲಿದ್ದಷ್ಟು ದಿನ ಅವನು ದಾರಿಯಲ್ಲಿ ಸಿಕ್ಕರೆ ವೈನಿಗೆ ಟೋಪಿ ತೆಗೆದು ವಂದಿಸುತ್ತಿದ್ದ. ನನ್ನ ಅಭಿಪ್ರಾಯಗಳು ಏನಾದವೋ ತಿಳಿಯಲಿಲ್ಲ.

ಪರೀಕ್ಷಾಲಯ

ಬೀಜದ ಪರೀಕ್ಷಾಲಯ ಒಂದು ಉದ್ದನೆಯ ಕೋಣೆ. ಉತ್ತರಕ್ಕೆ ದೊಡ್ಡ ಕಿಟಕಿಗಳು, ಅವುಗಳ ಕೆಳಗೆ ಮೇಜುಗಳು, ಪ್ರತಿ ಮೇಜಿಗೂ ಒಂದು ಎತ್ತರದ ಸ್ಟೂಲು. ಕುಳಿತವರೆಲ್ಲ ಹೆಂಗಸರು. ಅವರಿಗೆ ಬಂದ ಬೀಜವನ್ನು ಬಿಳಿಯ ಹಾಳೆಯ ಮೇಲೆ ಹರಡಿ, ಭೂತಗನ್ನಡಿ ಹಿಡಿದು, ಚಪ್ಪಟೆಯ ಮೂಳೆಯ ಕಡ್ಡಿಯಿಂದ ಶುದ್ಧ ಬೀಜ ಒಂದು ಕಡೆ, ಕಳೆಯ ಬೀಜ ಒಂದು ಕಡೆ, ಕಸ ಒಂದು ಕಡೆ ಸರಿಸುತ್ತಾರೆ. ಮೂರನ್ನೂ ತೂಗುತ್ತಾರೆ. ಆಮೇಲೆ ಶುದ್ಧ ಬೀಜವನ್ನು ಒದ್ದೆ ಮರಳಿನ ತಟ್ಟೆಯಲ್ಲಿ ಊರಿ, ಬೆಚ್ಚಗಿನ ಕಪಾಟಿನಲ್ಲಿಟ್ಟು, ಮೊಳೆತವುಗಳನ್ನು ಎಣಿಸುತ್ತಾರೆ. ನಾನು ಬೆಳಗಾವಿಯಲ್ಲಿ ಗೋಣಿತಟ್ಟಿನ ಮೇಲೆ, ಅವ್ವನ ಕಣ್ಣು ತಪ್ಪಿಸಿ, ದೇವರ ಕೋಣೆಯ ಹಿಂದೆ ಮಾಡುತ್ತಿದ್ದದ್ದು ಇದೇ ಕೆಲಸ.

ಕಿಟಕಿಯ ಮೊದಲನೆಯ ಮೇಜಿನಲ್ಲಿ ಎಲೆನ್ ಎಂಬವಳು ಕೂಡುತ್ತಿದ್ದಳು. ನನ್ನದೇ ವಯಸ್ಸು. ಕೂದಲನ್ನು ಕಿವಿಯವರೆಗೆ ಕತ್ತರಿಸಿಕೊಂಡಿದ್ದಳು. ಬಿಳಿಯ ನಿಲುವಂಗಿಗೆ ಎರಡು ದೊಡ್ಡ ಜೇಬು. ಒಂದರಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ಸೇಬು. ಬೆಳಿಗ್ಗೆ ಸೈಕಲ್ಲಿನಲ್ಲಿ ಬರುತ್ತಿದ್ದಳು, ಸಂಜೆ ಸೈಕಲ್ಲಿನಲ್ಲಿ ಹೋಗುತ್ತಿದ್ದಳು. ತಡವಾದರೆ ಯಾರೂ ಕೇಳುವವರಿಲ್ಲ. ಆಕೆ ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಶಾಲೆ ಮುಗಿಸಿ ನೇರ ಇಲ್ಲಿಗೆ ಬಂದು ಕೆಲಸ ಕಲಿತವಳು. ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನು. ಸ್ಟೂಲಿನ ಮೇಲೆ ಇದ್ದವಳು ಅವಳು.

ಅಣ್ಣ ಕೇಳಿಕೊಂಡದ್ದರಿಂದ ಪರೀಕ್ಷಾಲಯದ ಮುಖ್ಯಸ್ಥ ನನಗೆ ಅಲ್ಲಿ ಕೂತು ನೋಡಲು ಅನುಮತಿ ಕೊಟ್ಟ. ಎಲೆನ್‌ಳ ಮೇಜಿನ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಸಿದ. ಏನನ್ನೂ ಮುಟ್ಟಬಾರದು ಎಂದ. ಇನ್ನೊಂದು ನಿಯಮವನ್ನೂ ಹೇಳಿದ. ಇಲ್ಲಿಯೂ ಮಾದರಿಗಳಿಗೆ ಅಂಕಿ ಮಾತ್ರ. ಯಾವುದು ಯಾರದೆಂದು ಪರೀಕ್ಷಕಿಗೆ ತಿಳಿಯಕೂಡದು. ನಿಮ್ಮ ಬೀಜ ಕಂಡು ನಿಮಗೆ ಗುರುತು ಸಿಕ್ಕರೂ ಸುಮ್ಮನಿರಬೇಕು. ಬಾಯಿಬಿಟ್ಟರೆ ಆ ಮಾದರಿ ರದ್ದಾಗಿ, ಸರದಿಯ ಕೊನೆಗೆ ಹೋಗುತ್ತದೆ. ಸರದಿಯ ಕೊನೆಗೆ ಹೋದರೆ ನಮ್ಮ ಹಡಗು ಹೊರಡುವ ಮೊದಲು ಫಲಿತಾಂಶ ಬರುವಂತಿರಲಿಲ್ಲ.

ದಿನವೂ ಆ ಕುರ್ಚಿಯಲ್ಲಿ ಕೂತೆ. ಎಲೆನ್ ಬೀಜ ಸರಿಸುತ್ತ ಮೆಲ್ಲಗೆ ಏನೋ ಹಾಡಿಕೊಳ್ಳುತ್ತಿದ್ದಳು. ನನ್ನ ಕೈ ಮಡಿಲಲ್ಲಿ ಮಡಚಿಕೊಂಡಿರುತ್ತಿತ್ತು. ಆಕೆ ಒಂದು ಕಳೆಯ ಬೀಜವನ್ನು ಕಾಣದೆ ದಾಟಿದರೆ ನನಗೆ ಸಂತೋಷವಾಗುತ್ತಿತ್ತು. ಮರುಕ್ಷಣ ಆಕೆ ಕಡ್ಡಿಯನ್ನು ಹಿಂದಕ್ಕೆ ತಂದು ಅದನ್ನು ಹಿಡಿಯುತ್ತಿದ್ದಳು. ಒಮ್ಮೆ ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು ನೋಡಲು ಹೇಳಿದಳು. ಮುಟ್ಟಬಾರದೆಂದು ಹೇಳಿದ್ದಾರೆ ಎಂದು ತಿರುಗಿ ಕೊಟ್ಟೆ. ಆಕೆಯ ಮುಖ ಸಪ್ಪಗಾಯಿತು.

ಒಂದು ಮಧ್ಯಾಹ್ನ ಆಕೆಯ ಮೇಜಿಗೆ ಬಂದ ಮಾದರಿಯ ಪೊಟ್ಟಣ ಬಿಚ್ಚಿದಾಗ ಬಿಳಿಯ ಹಾಳೆಯ ಮೇಲೆ ಕೆಂಪು ಧೂಳು ಎದ್ದಿತು.

ಗುರುತು ಹಿಡಿಯಲು ಭೂತಗನ್ನಡಿ ಬೇಕಾಗಿರಲಿಲ್ಲ. ಎಲೆನ್ ಕಾಳುಗಳನ್ನು ಜರಡಿಗೆ ಹಾಕಿ ಅಲ್ಲಾಡಿಸಿದಳು. ಮಣ್ಣು ಬೂದಿ ಕೆಳಗೆ ಬಿತ್ತು. ಮತ್ತೆ ಅಲ್ಲಾಡಿಸಿದಳು, ಮತ್ತೆ ಬಿತ್ತು. ಅಂಟಿಕೊಂಡಿದ್ದನ್ನು ಕುಂಚದಿಂದ ಕೆರೆದಳು. ಎಲ್ಲವೂ ಕಸದ ಪಾಲಿಗೆ ಸೇರಿತು. ಅವರ ಲೆಕ್ಕದಲ್ಲಿ ಬೀಜವಲ್ಲದ್ದೆಲ್ಲ ಕಸವೇ. ಇಷ್ಟು ಕಸವಿದ್ದ ಮಾದರಿಯನ್ನು ಮರಳಿನ ತಟ್ಟೆಯವರೆಗೂ ಒಯ್ಯುವುದಿಲ್ಲ, ಅಲ್ಲಿಂದಲೇ ತಿರಸ್ಕರಿಸುತ್ತಾರೆ ಎಂಬುದನ್ನು ಆ ದಿನಗಳಲ್ಲಿ ನಾನು ಕಲಿತಿದ್ದೆ. ನಾವು ಖಾನಾಪುರದಲ್ಲಿ ಎರಡು ಸಲ ತಿಕ್ಕಿದ್ದೆವು.

ಬೀಜ ತೆಗೆದುಕೊಂಡು ಹೋಗುವಾಗ ತೊಳೆದೋ ಒರೆಸಿಯೋ ಕೊಡಬೇಕೆಂದು ನಮಗೆ ಹೊಳೆದಿರಲಿಲ್ಲ. ನಮ್ಮಲ್ಲಿ ಮಣ್ಣು ಹಚ್ಚದ ಬೀಜವನ್ನು ಕೊಂಡುಕೊಳ್ಳುವವನು ಸಂಶಯದಿಂದ ನೋಡುತ್ತಾನೆ. ನಾನು ಮಾತಾಡಿದರೆ ಮಾದರಿ ರದ್ದು. ಸುಮ್ಮನಿದ್ದರೆ ಫಲಿತಾಂಶ ಕೆಟ್ಟದ್ದು. ಎರಡರಲ್ಲಿ ಯಾವುದು ಮೇಲೆಂದು ಮನಸ್ಸಿನಲ್ಲಿ ತೂಗುತ್ತಲೇ ಇದ್ದೆ. ಎಲೆನ್ ಮುಖ ಗಂಟಿಕ್ಕಿ ಕಸವನ್ನು ತಕ್ಕಡಿಗೆ ಹಾಕುತ್ತಿದ್ದಳು. ಆ ಹೊತ್ತಿಗೆ ದಿನದಂತೆ ನನಗೆ ಮಧ್ಯಾಹ್ನದ ಬುತ್ತಿ ತೆಗೆದುಕೊಂಡು ವೈನಿ ಒಳಗೆ ಬಂದರು.

“ಅಯ್ಯ, ಇವು ನಮ್ಮ ಬಟಾಣಿ ಅಲ್ಲೇನ?” ಎಂದರು. “ಯಾಕ ಹಿಂಗ ಕೆರ್ಯಾಕ ಹತ್ತಾಳ? ಹೇಳಬಾರದ ನೀ?”

ಬುತ್ತಿಯನ್ನು ಮೇಜಿನ ಮೇಲಿಟ್ಟು, ಒಂದು ಹಿಡಿ ಕಾಳನ್ನು ಎತ್ತಿಕೊಂಡು ಸೆರಗಿನಲ್ಲಿ ಹಾಕಿ, ಎರಡೂ ಕೈಯಿಂದ ಉಜ್ಜಿ ಹಾಳೆಯ ಮೇಲೆ ಸುರಿದರು. ಕಾಳುಗಳು ಮಣಿಗಳಂತೆ ಉರುಳಿದವು. ಎಲೆನ್ ಕಾಳುಗಳನ್ನು ನೋಡಿದಳು, ವೈನಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಯಾರ ಬೀಜವೆಂದು ತಿಳಿಯಲು ಕನ್ನಡ ಬರಬೇಕಾಗಿರಲಿಲ್ಲ. ಆಕೆ ಕಡ್ಡಿಯನ್ನು ಕೆಳಗಿಟ್ಟು, ಮುಖ್ಯಸ್ಥನನ್ನು ಕರೆದು, ಈ ಮಾದರಿ ರದ್ದು ಎಂದು ತಾನೇ ಹೇಳಿದಳು. ಅವನು ಹೊರಗಿನವರ ಊಟ ಮೇಜಿನ ಮೇಲೆ ಏಕೆ ಬಂತೆಂದು ಅವಳನ್ನೇ ಗದರಿದ.

ಮತ್ತೊಮ್ಮೆ

ಆ ಸಂಜೆ ಅಣ್ಣ ನನ್ನೊಡನೆ ಮಾತಾಡಲಿಲ್ಲ. ವೈನಿಯೊಡನೆ ಬೇಕಾದಷ್ಟು ಮಾತಾಡಿದ. ಮರುದಿನ ಹಡಗು ಬದಲಾಯಿಸಲು ತಂತಿ ಕೊಟ್ಟ. ಮಾದರಿಯನ್ನು ಶುಚಿ ಮಾಡಿ ಹೊಸದಾಗಿ ಕೊಡಬಹುದೆಂದು ಮುಖ್ಯಸ್ಥ ಒಪ್ಪಿದ್ದ. ವೈನಿ ಇಡೀ ಚೀಲವನ್ನು ವಸತಿಯ ಹಿತ್ತಲಿನಲ್ಲಿ ಸುರಿದು, ಹಳೆಯ ಕಂಬಳಿಯಲ್ಲಿ ಉಜ್ಜಿದರು. ಕೇರಲು ಮೊರವಿರಲಿಲ್ಲ. ಮನೆಯೊಡತಿಯ ಚಹದ ತಟ್ಟೆಯಲ್ಲಿ, ಹೂವಿನ ಚಿತ್ರವಿದ್ದದ್ದು, ಕೇರಿದರು. ಆಕೆ ಆ ಹೊತ್ತಿಗೂ ನಾಯಿಯನ್ನು ಕರೆದುಕೊಂಡು ಹೊರಟಳು.

ಸರದಿ ಉದ್ದವಿತ್ತು. ಎಲೆನ್ ನಮ್ಮ ಬೀಜವನ್ನು ಮತ್ತೆ ಮುಟ್ಟುವಂತಿರಲಿಲ್ಲ. ಆಕೆ ಮಾಡಿದ್ದು ಇಷ್ಟು: ಪಕ್ಕದ ಮೇಜಿನ ಹಿರಿಯ ಪರೀಕ್ಷಕಿಯ ಬಾಕಿ ತಟ್ಟೆಗಳನ್ನೆಲ್ಲ ತಾನು ತೆಗೆದುಕೊಂಡು, ಸಂಜೆ ಎಲ್ಲರೂ ಹೋದ ಮೇಲೂ ಕೂತು ಮುಗಿಸಿ, ಸರದಿ ಬೇಗ ಸರಿಯುವಂತೆ ಮಾಡಿದಳು. ಯಾಕೆ ಮಾಡುತ್ತಿದ್ದಾಳೆಂದು ನಾನು ಕೇಳಲಿಲ್ಲ. ಉಪಕಾರ ಮಾಡುವ ಅನುಕೂಲವೂ ಅವಳದೇ ಆಗಿದೆಯಲ್ಲ ಎಂದು ಅದಕ್ಕೂ ಕಿಚ್ಚುಪಟ್ಟೆ.

ಖಾನಾಪುರದ ಬಟಾಣಿ ಮರಳಿನ ತಟ್ಟೆಯಲ್ಲಿ ಒಟ್ಟಿಗೆ ತಲೆಯೆತ್ತಿತು. ಮೊಳೆಯದ ಹುಸಿ ಕಾಳು ಬೇಕೆಂದರೆ ಹುಡುಕಬೇಕಾಗಿತ್ತು. ನುಸಿ ಒಂದಕ್ಕೂ ಹತ್ತಿರಲಿಲ್ಲ.

ಮುಖ್ಯಸ್ಥ ನಮ್ಮನ್ನು ತನ್ನ ಕೋಣೆಗೆ ಕರೆಸಿದ. ಅಣ್ಣ, ನಾನು, ಮತ್ತು ಬಾಗಿಲ ಬಳಿ ಎಲೆನ್. ವ್ಯವಹಾರಕ್ಕೆ ಕಂಪನಿ ಒಪ್ಪಿದೆ ಎಂದ. ಖಾನಾಪುರದಲ್ಲಿ ಪರೀಕ್ಷೆಯ ಕೋಣೆಯೊಂದು ಆಗಲೇಬೇಕು ಎಂದ. ಅದನ್ನು ನಡೆಸಲು ಈ ಪರೀಕ್ಷಾಲಯದಲ್ಲಿ ಪಳಗಿದವರೇ ಬೇಕು, ಮೊದಲ ಕೆಲವು ವರ್ಷ ಎಲೆನ್ ಅಲ್ಲಿಗೆ ಬರುತ್ತಾಳೆ ಎಂದ. ಎಲೆನ್‌ಳ ಮುಖ ಕುತ್ತಿಗೆಯವರೆಗೆ ಕೆಂಪಾಯಿತು. ಅಷ್ಟು ಸಂತೋಷವನ್ನು ಆ ಊರಿನವರ ಮುಖದಲ್ಲಿ ನಾನು ಅದುವರೆಗೆ ಕಂಡಿರಲಿಲ್ಲ.

ಅಣ್ಣ ನನ್ನ ಕಡೆ ಬಾಗಿ, “ಛಲೋ ಆತು. ನಿನಗೂ ಜೋಡಿ ಆದಂಗಾತು” ಎಂದ. ತಾನು ಕೊಟ್ಟ ಮಾತು ತಪ್ಪಿದಂತೆ ಅವನಿಗೆ ತೋರಲಿಲ್ಲ. ಕೋಣೆ ಕಟ್ಟುವುದು ಹೌದಲ್ಲ.

ನಾನು ಆ ಕೋಣೆಗಳಲ್ಲಿ ಅಷ್ಟು ದಿನ ಕೇಳದೆ ಮಾತಾಡಿದವಳಲ್ಲ. ಆಗ ಮಾತಾಡಿದೆ. ಒಂದೇ ಮಾದರಿಯನ್ನು ಎರಡು ಪಾಲು ಮಾಡಿ ಒಂದನ್ನು ಎಲೆನ್‌ಗೆ, ಒಂದನ್ನು ನನಗೆ ಕೊಡಿ, ಹೆಸರು ಬರೆಯದೆ ಎರಡನ್ನೂ ನೀವು ತಾಳೆ ನೋಡಿ ಎಂದೆ. ನಿಮ್ಮ ಪದ್ಧತಿಯೇ ಇದು ಎಂದೂ ಹೇಳಿದೆ. ಅವನು ಸ್ವಲ್ಪ ನಕ್ಕು, ಆಗಲಿ ಎಂದ.

ಕೊಟ್ಟದ್ದು ಎಲೆಕೋಸಿನ ಬೀಜ, ಅದರಲ್ಲಿ ಕಾಡು ಸಾಸಿವೆ ಬೆರೆತದ್ದು. ಎರಡೂ ಒಂದೇ ಗಾತ್ರ, ಒಂದೇ ಬಣ್ಣ. ಮೇಲ್ಮೈ ಮಾತ್ರ ಬೇರೆ. ನನಗೆ ಒಂದು ಸ್ಟೂಲು ಸಿಕ್ಕಿತು. ಎಲೆನ್ ತನ್ನ ಎರಡನೆಯ ಭೂತಗನ್ನಡಿಯನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದಳು. ಈ ಸಲ ನಾನು ಅದನ್ನು ತೆಗೆದುಕೊಂಡೆ. ಬೆಳಕು ಇಳಿಯುವವರೆಗೆ ಇಬ್ಬರೂ ತಲೆಯೆತ್ತಲಿಲ್ಲ. ಆಕೆ ಆ ದಿನ ಹಾಡಲಿಲ್ಲ.

ಮುಖ್ಯಸ್ಥ ಎರಡೂ ಫಲಿತಾಂಶಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ. ಯಾವುದು ಯಾರದೆಂದು ಹೇಳಲಾರೆ ಎಂದ. ಮತ್ತೆ ಸ್ವಲ್ಪ ಯೋಚಿಸಿ, ಹೀಗಿದ್ದ ಮೇಲೆ ಇಲ್ಲಿಂದ ಒಬ್ಬರನ್ನು ಕಳಿಸುವ ಕಾರಣ ಉಳಿಯಲಿಲ್ಲ ಎಂದ. ಅಷ್ಟು ದೂರದ ಪ್ರಯಾಣದ ಖರ್ಚು ಉಳಿದದ್ದಕ್ಕೆ ಅವನಿಗೆ ಸಮಾಧಾನವಾದಂತಿತ್ತು. ಎಲೆನ್ ನನ್ನ ಕೈ ಕುಲುಕಿ ಅಭಿನಂದಿಸಿದಳು. ನಾನು ಆಕೆಯ ನಿಲುವಂಗಿಯ ಜೇಬನ್ನು ನೋಡಿದೆ, ಮುಖ ನೋಡಲಿಲ್ಲ.

ಆಕೆಯದನ್ನು ಕಸಿದುಕೊಂಡೆನೆಂದು ನನಗೆ ಅನಿಸಲಿಲ್ಲ. ನನ್ನದನ್ನು ಉಳಿಸಿಕೊಂಡೆ. ಇಂದಿಗೂ ಹಾಗೆಯೇ ಎನಿಸುತ್ತದೆ.

ಲೋಂಡಾ

ಬೀಜ ಸಾಗಿಸುವ ಬಗ್ಗೆ ಅಣ್ಣನಿಗೆ ಮೊರ್ಮುಗಾಂವ ಬಂದರಿನಲ್ಲಿ ಮಾತಾಡುವುದಿತ್ತು. ಆದ್ದರಿಂದ ಮುಂಬಯಿಯಿಂದ ಪುಣೆಯ ದಾರಿ ಹಿಡಿಯದೆ ಗೋವೆಯ ಕಡೆಯಿಂದ ಬಂದೆವು. ಘಟ್ಟ ಹತ್ತುವಾಗ ಮಳೆಗಾಲದ ಕೊನೆಯ ಜಲಪಾತಗಳು ಗಾಡಿಯ ಪಕ್ಕದಲ್ಲೇ ಬೀಳುತ್ತಿದ್ದವು. ಲೋಂಡಾದಲ್ಲಿ ಗಾಡಿ ಬದಲಿಸಬೇಕಿತ್ತು. ಸುತ್ತ ಕಾಡು, ಒದ್ದೆ ಎಲೆಯ ವಾಸನೆ. ಹಮಾಲರು ನಮ್ಮ ಪೆಟ್ಟಿಗೆಗಾಗಿ ಮರಾಠಿಯಲ್ಲಿ ಜಗಳ ತೆಗೆದು ಕನ್ನಡದಲ್ಲಿ ಮುಗಿಸಿದರು. ನನಗೆ ಮನೆ ತಲುಪಿದಂತಾಯಿತು. ವೈನಿಗೆ ಇನ್ನೂ ಹೆಚ್ಚು, ತವರು ಹತ್ತಿರದಲ್ಲಿತ್ತು. ಒಂದು ಡಜನ್ ಬಾಳೆಹಣ್ಣು ಕೊಂಡು, ಬೆಳಗಾವಿಯ ಗಾಡಿಯಲ್ಲಿ ಕಾಲು ಮಡಚಿ ಕೂತು ಎಲ್ಲರಿಗೂ ಹಂಚಿದರು.

ಅಣ್ಣ ಎದುರಿನ ಸೀಟಿನಲ್ಲಿ ಪೆನ್ಸಿಲ್ ಹಿಡಿದು ನನ್ನ ಕೋಣೆಯ ನಕ್ಷೆ ಗೀರುತ್ತಿದ್ದ. ಬಾಗಿಲು ಪೂರ್ವಕ್ಕೆ, ಕಿಟಕಿ ಉತ್ತರಕ್ಕೆ. ಗಾಡಿ ಕಾಡಿನೊಳಗೆ ಹೊಕ್ಕಿತು. ವೈನಿ ಹೊರಗೆ ನೋಡುತ್ತ ಹೇಳಿದರು.

“ಆ ಎಲೆನ್ ಬಂದಿತ್ತಂದ್ರ ಈ ಅಡವಿ ನೋಡಿ ಖುಷಿ ಪಡತಿತ್ತು.”

ನಾನು ಹೂಂ ಎಂದೆ.

“ನಿನಗ ಹೇಳಿತ್ತೋ ಇಲ್ಲೋ. ನನ್ನ ಕಡೆ ಕನ್ನಡಾ ಕಲಿಯಾಕ ಹತ್ತಿತ್ತು. ದಿನಾ ನಾ ಬುತ್ತಿ ತಂದು ತಿರುಗಿ ಹೋಗೂವಾಗ ಬಾಗಲಾ ದಾಟಿ ಹಿಂದ ಬರತಿತ್ತು. ಬರ್ರಿ, ಕುಂದರ್ರಿ, ನೀರು, ಬೀಜ. ಎಣಸಾಕೂ ಕಲಿತಿತ್ತು.”

ಯಾವಾಗಿನಿಂದ ಎಂದು ಕೇಳಿದೆ.

“ಮೊದಲಿನ ವಾರದಿಂದ. ಅವರ ದೊಡ್ಡ ಸಾಹೇಬ ಮೊದಲ ಹೇಳಿದ್ನಂತ, ಇವರ ಮಾಲು ಪಾಸಾತಂದ್ರ ನೀನ ಹೋಗಬೇಕು ಅಂತ. ಕೈಸನ್ನಿ ಮಾಡಿ ಮಾಡಿ ಎಲ್ಲಾ ತಿಳಿಸಿ ಹೇಳ್ತು, ಪಾಪ. ಹಡಗಾ ತೋರ್ಸೂದು, ತನ್ನ ಎದಿ ಮುಟ್ಟಿಕೊಳ್ಳೂದು, ನಗೂದು.”

ಆ ವಾರಗಳಲ್ಲಿ ನಾನು ಅವಳಿಂದ ಒಂದು ಮೊಳ ದೂರದಲ್ಲಿ ಕೂತಿದ್ದೆ. ನನಗೆ ಅವಳ ಭಾಷೆ ಬರುತ್ತಿತ್ತು. ವೈನಿಗೆ ಬರುತ್ತಿರಲಿಲ್ಲ.

“ನನ್ನ ಯಾಕ ಕೇಳಲಿಲ್ಲಂತ?” ಎಂದೆ.

“ನಿನಗ ಅಂಜತಿತ್ತು,” ಎಂದರು ವೈನಿ. “ಕನ್ನಡಿ ಕೊಟ್ರ ತಿರುಗಿ ಕೊಟ್ಟಿಯಂತ.”

ಅಣ್ಣ ನಕ್ಷೆಯಿಂದ ತಲೆಯೆತ್ತಿದ. ಅವನಿಗೆ ನಮ್ಮ ಮಾತು ಕೇಳಿಸಿರಲಿಲ್ಲ.

“ಶಾಂತಾ, ಕಿಟಕಿ ಕೆಳಗಿನ ಮೇಜು ಒಬ್ಬರಿಗೆ ಸಾಕೋ, ಇಬ್ಬರು ಕೂಡೂವಷ್ಟು ಉದ್ದ ಇಡಸೂಣೋ? ಈಗ ಹೇಳಿಬಿಡು, ಬಡಿಗ್ಯಾಗ ಕಟಗಿ ಹೇಳಬೇಕು.”

“ಒಬ್ಬರಿಗೆ ಸಾಕು,” ಎಂದೆ.

ಅವನು ಗೆರೆ ಎಳೆದ. ವೈನಿ ನನ್ನ ಕಡೆಗೊಮ್ಮೆ ನೋಡಿ, ಬಾಳೆಹಣ್ಣಿನ ಸಿಪ್ಪೆಗಳನ್ನು ಕೂಡಿಸಿ ಕಿಟಕಿಯಿಂದ ಎಸೆದರು. ಆ ಹುಡುಗಿಗೆ ಎಷ್ಟರವರೆಗೆ ಎಣಿಸಲು ಬರುತ್ತಿತ್ತು ಎಂದು ಕೇಳಬೇಕೆನಿಸಿತು. ಖಾನಾಪುರ ಬರುವವರೆಗೂ ಕೇಳಬೇಕೆನಿಸುತ್ತಲೇ ಇತ್ತು. ಕೇಳಲಿಲ್ಲ.